ಬ್ರಹ್ಮಪುರದ ಕುರ್ಚಿ, ಹನೋಯಿಯ ಕೆರೆ

ಬ್ರಹ್ಮಪುರ

ಪರದೇಶ ನೋಡಿ ಬಂದವರು ಅಲ್ಲಿಯ ಕಟ್ಟಡ, ರಸ್ತೆ, ಸ್ವಚ್ಛತೆಯಿಂದ ಮಾತು ಶುರುಮಾಡುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ವಿಯೆಟ್ನಾಂ ಎಂದರೆ ನನಗೆ ಮೊದಲು ನೆನಪಾಗುವುದು ನನ್ನ ಸೊಂಟ. ಹೋಗುವಾಗ ನೋಯುತ್ತಿತ್ತು, ಅಲ್ಲಿಯೂ ನೋಯಿತು, ಬಂದ ಮೇಲೂ ನೋಯುತ್ತಿದೆ. ಈ ಬರಹದಲ್ಲಿ ಆಗಾಗ ಸೊಂಟದ ಸುದ್ದಿ ಬಂದರೆ ಓದುವವರು ಸ್ವಲ್ಪ ಸುಧಾರಿಸಿಕೊಳ್ಳಬೇಕು.

ನಮ್ಮನೆಯವರು ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಇಡೀ ನೌಕರಿಯನ್ನು ನಿಂತೇ ಮಾಡಿದರು. ಕಲಬುರಗಿಯಿಂದ ಬೀದರ್, ಬೀದರಿನಿಂದ ಕಲಬುರಗಿ. ಕುಲುಕುವ ಬಸ್ಸಿನಲ್ಲಿ ಯಾವ ಸರಳನ್ನೂ ಹಿಡಿಯದೆ ನಿಂತು ಟಿಕೀಟು ಹರಿಯುತ್ತಿದ್ದ ಮನುಷ್ಯ. ನಿವೃತ್ತಿಯಾದ ಮರುವರ್ಷ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸೋತವು, ಮಾತು ಉಳಿಯಿತು. ‘ಮಾತರೆ ಉಳೀತಲ್ಲ, ಪುಣ್ಯ’ ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. ಆ ಮಾತನ್ನು ದಿನವಿಡೀ ಕೇಳಬೇಕಾದವಳು ನಾನು ಎಂಬುದು ಯಾರಿಗೂ ಹೊಳೆಯಲಿಲ್ಲ.

ಆಸ್ಪತ್ರೆಯಿಂದ ಕಲಬುರಗಿಯ ಬ್ರಹ್ಮಪುರ ಓಣಿಯ ನಮ್ಮ ಮನೆಗೆ ಬಂದ ಮೇಲೆ ಕಾಲಿಗೆ ಸ್ವಲ್ಪ ಜೀವ ಬಂತು. ಡಾಕ್ಟರು ದಿನಾ ಎದ್ದು ಓಡಾಡಬೇಕು, ಎಷ್ಟು ಓಡಾಡುತ್ತಾರೋ ಅಷ್ಟು ಒಳ್ಳೆಯದು ಎಂದರು. ಕಸರತ್ತು ಮಾಡಿಸಲು ಒಬ್ಬರನ್ನು ಗೊತ್ತು ಮಾಡಿದೆವು. ಕೆಲವು ವಾರ ನಡೆಯಿತು, ಆಮೇಲೆ ಇವರು ಅವರನ್ನು ಬೈದು ಕಳಿಸಿದರು. ‘ನೌಕರಿ ಮಾಡಿದಷ್ಟು ದಿನ ನಿಂತೇ ಇದ್ದೀನಿ. ಈಗರೆ ಕುಂದರ್ತೀನಿ ಬಿಡ್ರಿ’ ಎಂಬುದು ಇವರ ವಾದ. ಪಡಸಾಲೆಯ ಬಾಗಿಲ ಬಳಿ ಒಂದು ಬೆತ್ತದ ಕುರ್ಚಿ ಬಂತು. ಇವರು ಅದರಲ್ಲಿ ಕೂತರು, ಕೂತೇಬಿಟ್ಟರು.

ನಮ್ಮ ಕಡೆಯ ಪ್ರೀತಿಯೂ ಒಂದು ವಿಚಿತ್ರವೇ. ರೋಗಿಯಾದವನು ಏಳಲು ಸ್ವಲ್ಪ ಮುಂದೆ ಬಾಗಿದರೆ ಸಾಕು, ಕೂಡಿದವರೆಲ್ಲ ಅವನ ಹೆಗಲು ಒತ್ತಿ ಮತ್ತೆ ಕೂಡಿಸುತ್ತಾರೆ. ‘ಏಳಬ್ಯಾಡ್ರಿ, ಕುಂದರ್ರಿ. ಏನ್ ಬೇಕು ಹೇಳ್ರಿ, ನಾವ್ ತರ್ತೀವಿ.’ ಹೀಗೆ ಹೇಳಿದವರು ಚಹಾ ಕುಡಿದು ತಮ್ಮ ಮನೆಗೆ ಹೋಗುತ್ತಾರೆ, ತರುವವಳು ನಾನು. ನೀರು, ಚಷ್ಮಾ, ಪೇಪರು, ಮತ್ತೆ ನೀರು. ಬಚ್ಚಲಿಗೆ ಹೋಗಬೇಕೆಂದರೆ ಇವರು ಬಲಗೈ ಚಾಚುತ್ತಾರೆ, ನಾನು ಎಳೆದು ಎಬ್ಬಿಸುತ್ತೇನೆ. ಮೊದಲಿಂದ ಗಟ್ಟಿ ಆಳು. ಎಳೆದು ಎಳೆದು ನನ್ನ ಸೊಂಟ ಹಿಡಿಯಿತು. ಎಲುಬಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ‘ಇವರನ್ನ ಎಬ್ಬಸೋದು ಇವತ್ತಿಗೇ ಬಿಡ್ರಿ ಅಮ್ಮಾ. ಇಲ್ಲಂದ್ರ ನೀವೂ ಮಂಚ ಹಿಡೀತೀರಿ. ಇಬ್ಬರೂ ಕುಂತ್ರ ಎಬ್ಬಸೋರು ಯಾರ್ರಿ?’ ಎಂದರು.

ನಮಗೆ ಮಕ್ಕಳಿಲ್ಲ. ಕಮಲಾಪುರದಲ್ಲಿರುವ ನನ್ನ ತಮ್ಮನ ಮಗಳು ಸುವರ್ಣಾ ನಮ್ಮ ಮನೆಯಲ್ಲೇ ಇದ್ದು, ಕುಸನೂರಿನ ಹಾದಿಯಲ್ಲಿ ದಿನಾ ಸೈಕಲ್ ತುಳಿದು ವಿಶ್ವವಿದ್ಯಾಲಯಕ್ಕೆ ಹೋಗಿ ಓದಿದವಳು. ಈಗ ಹನೋಯಿಯಲ್ಲಿ ಯೋಗ ಕಲಿಸುತ್ತಾಳೆ. ಅವಳೇ ಒಂದು ದಿನ ಫೋನಿನಲ್ಲಿ ನನ್ನ ಮುಖ ನೋಡಿ, ‘ಅತ್ತಿ, ಮಾಮಾಗಿಂತ ನೀನೇ ಜಾಸ್ತಿ ಸುಸ್ತಾದಂಗ ಕಾಣ್ತಿ. ಇಬ್ಬರೂ ಇಲ್ಲಿ ಬರ್ರಿ’ ಎಂದಳು. ಡಾಕ್ಟರು ಹೋಗಬಹುದು ಎಂದರು. ಪಕ್ಕದ ಮನೆಯ ಗುರಮ್ಮ ಮಾತ್ರ, ‘ಕುಂತ ಮನಷ್ಯಾನ್ನ ಎಬ್ಬಿಸಿ ಅಷ್ಟು ದೂರ ಯಾಕ ಒಯ್ತಿ ಯವ್ವಾ’ ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ಆದರೂ ಹೊರಟೆವು.

ಹೈದರಾಬಾದ್

ವಿಮಾನ ನಿಲ್ದಾಣದಲ್ಲಿ ಇವರಿಗೆ ಗಾಲಿಕುರ್ಚಿ ಸಿಕ್ಕಿತು. ದೂಡಲು ಒಬ್ಬ ಆಳು ಬೇರೆ. ಇವರು ಅದರಲ್ಲಿ ಕೂತ ಗತ್ತು ನೋಡಬೇಕಿತ್ತು, ಮದುವೆಯ ದಿನ ಕುದುರೆ ಏರಿದಾಗಲೂ ಅಷ್ಟು ನೆಟ್ಟಗೆ ಕೂತಿರಲಿಲ್ಲ. ಕುರ್ಚಿಗೆ ಬೇರೆ ಸಾಲು, ಬೇರೆ ಬಾಗಿಲು. ಎಲ್ಲರನ್ನೂ ಹಿಂದೆ ಹಾಕಿ ಸರ್ರನೆ ಒಳಗೆ ಹೋದರು. ಚೀಲಗಳ ಜೊತೆ ನಾನು ಈಚೆಗೆ ಉಳಿದೆ. ನನ್ನ ಪಾಸ್‌ಪೋರ್ಟು ಇವರ ಅಂಗಿಯ ಕಿಸೆಯಲ್ಲಿತ್ತು.

ಅದನ್ನು ಗಾಜಿನಾಚೆಯಿಂದ ಕೈಸನ್ನೆಯಲ್ಲಿ ಕೇಳಿ ತರಿಸಿಕೊಳ್ಳುವಷ್ಟರಲ್ಲಿ ಬೆವರಿಳಿದು ಹೋಯಿತು. ಮುಂದೆ ಚೀಲ ತಪಾಸಣೆ. ಕಡಕ್ ರೊಟ್ಟಿಯ ಗಂಟನ್ನು ಬಿಚ್ಚಿಸಿ ಅಧಿಕಾರಿ ಒಬ್ಬರು ಒಂದು ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ‘ಜೋಳದ ರೊಟ್ಟಿರೀ, ತಿನ್ನೋದು’ ಎಂದೆ. ಅವರಿಗೆ ಗೊತ್ತಿತ್ತು, ನಕ್ಕರು, ಶೇಂಗಾಹಿಂಡಿಯ ಡಬ್ಬಿಯನ್ನೂ ಮೂಸಿ ನೋಡಿ ಬಿಟ್ಟರು. ಆದರೆ ಗಂಟನ್ನು ಮತ್ತೆ ಕಟ್ಟಿದ್ದು ನಾನಲ್ಲ, ಅವರು. ಹನೋಯಿ ಮುಟ್ಟುವಷ್ಟರಲ್ಲಿ ರೊಟ್ಟಿಯೆಲ್ಲ ಪುಡಿಪುಡಿ. ಅಲ್ಲಿದ್ದಷ್ಟು ದಿನ ಅದನ್ನು ಮೊಸರಿಗೆ ಕಲಸಿ ಚಮಚದಲ್ಲಿ ತಿಂದೆವು.

ಹನೋಯಿ: ಮೂರನೇ ಮಹಡಿ

ಅಲ್ಲಿಯ ಮನೆಗಳು ಅಗಲದಲ್ಲಿ ನಮ್ಮ ಕಿರಾಣಿ ಅಂಗಡಿಯಷ್ಟೇ. ಎತ್ತರಕ್ಕೆ ಮಾತ್ರ ಹೋಗುತ್ತಲೇ ಇರುತ್ತವೆ. ಸುವರ್ಣಾ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಇವರು ಮೇಲೆ ನೋಡಿದರು. ಹಬ್ಬದ ಹಿಂದಿನ ದಿನ ತುಂಬಿ ತುಳುಕುವ ಬಸ್ಸನ್ನು ಇವರು ಹೀಗೇ ನೋಡುತ್ತಿದ್ದರು.

‘ಕೆಳಗಿನ ಮನಿ ಕೇಳಿದ್ದೆ ಮಾಮಾ, ಸಿಗಲಿಲ್ಲ’ ಎಂದಳು ಸುವರ್ಣಾ. ನಾನು ಇವರ ಎಡಗಡೆ ತೋಳು ಹಿಡಿಯಲು ಹೋದೆ. ‘ಅತ್ತಿ, ನೀ ಚೀಲ ತೊಗೊಂಡು ಮುಂದ ಹೋಗು. ಮಾಮಾನ ಹಿಂದ ನಾ ಇರ್ತೀನಿ’ ಎಂದಳು.

ಹಿಡಿದು ಏರುವ ಕಟಕಟೆ ಬಲಗಡೆ ಇತ್ತು. ಇವರು ಅದನ್ನು ಹಿಡಿದು ಬಲಗಾಲು ಮೇಲಿಟ್ಟು ಎಡಗಾಲನ್ನು ಎಳೆದುಕೊಂಡರು. ಮತ್ತೆ ಬಲಗಾಲು, ಮತ್ತೆ ಎಳೆತ. ಸುವರ್ಣಾ ಕೈ ಚಾಚಿಕೊಂಡು ಹಿಂದೆ ಬಂದಳೇ ಹೊರತು ಮುಟ್ಟಲಿಲ್ಲ. ಪ್ರತಿ ತಿರುವಿನಲ್ಲೂ ಇವರು ನಿಂತು ಅವಳ ಓದಿನ ಖರ್ಚೂ, ಅವಳಪ್ಪನ ಬುದ್ಧಿಯೂ, ಈ ದೇಶದ ಮನೆ ಕಟ್ಟುವವರ ವಂಶವೂ ಸೇರಿ ಎಲ್ಲವನ್ನೂ ಬೈದರು. ಮೇಲೆ ಮುಟ್ಟಿದಾಗ ಅಂಗಿ ಹಿಂಡುವಂತಾಗಿತ್ತು. ನಾನಂತೂ ಬಾಗಿಲಲ್ಲೇ ಚೀಲದ ಮೇಲೆ ಕೂತುಬಿಟ್ಟೆ.

ಇಳಿಯುವುದು ಇನ್ನೊಂದು ಪೇಚು. ಇಳಿಯುವಾಗ ಕಟಕಟೆ ಎಡಗಡೆಗೆ ಬರುತ್ತದೆ, ಎಡಗೈಗೆ ಹಿಡಿತವಿಲ್ಲ. ಮರುದಿನ ಇವರೇ ಯೋಚಿಸಿ, ಮೆಟ್ಟಿಲಿಗೆ ಮುಖ ಮಾಡಿ ಬಲಗೈಯಲ್ಲಿ ಕಟಕಟೆ ಹಿಡಿದು ಹಿಂದಹಿಂದಕ್ಕೆ ಇಳಿದರು. ಬಸ್ಸಿನ ಮೇಲೆ ಸಾಮಾನು ಏರಿಸಿ ಏಣಿಯಿಂದ ಇಳಿಯುತ್ತಿದ್ದುದು ಹೀಗೆಯೇ ಎಂದು ಆಮೇಲೆ ಹೇಳಿದರು.

ಅವಳ ಕೋಣೆಯಲ್ಲಿ ಕುರ್ಚಿ ಇರಲಿಲ್ಲ. ‘ಕುರ್ಚಿ ಎಲ್ಲದ?’ ಎಂದು ಇವರು ಕೇಳಿದ ದನಿಯಲ್ಲಿ ನಿಜವಾದ ಗಾಬರಿಯಿತ್ತು. ಒಂದು ಮಂಚ, ನೆಲದ ಮೇಲೆ ಯೋಗದ ಚಾಪೆಗಳು, ಅಷ್ಟೇ. ಊರವರಿಗೆಲ್ಲ ಮೈ ಬಗ್ಗಿಸಲು ಕಲಿಸುವ ಹುಡುಗಿ ಸಂಜೆ ಬಂದವಳೇ ಆ ಚಾಪೆಯ ಮೇಲೆ ಅಂಗಾತ ಬೀಳುತ್ತಿದ್ದಳು. ಓಣಿಯ ಕೊನೆಯ ಅಂಗಡಿಯಿಂದ ಹಾಲು ತರಲು ಸ್ಕೂಟರು ತೆಗೆಯುತ್ತಿದ್ದಳು. ‘ನಡಕೊಂಡು ಹೋಗಬಾರದೇನ?’ ಎಂದರೆ, ‘ದಿನಾ ಎಲ್ಲಾರ ಕೈಲೆ ಕಸರತ್ತು ಮಾಡಸಾಕಿ ನಾನು, ನಂದು ಮುಗದದ ಅತ್ತಿ’ ಎನ್ನುತ್ತಿದ್ದಳು. ಅವಳನ್ನು ನೋಡಿ ನನಗೆ ಬಹಳ ಸಮಾಧಾನವಾಯಿತು.

ರಸ್ತೆ ಬದಿಯ ಊಟ

ಹನೋಯಿಯ ಜನ ಕೂರುವುದು ರಸ್ತೆ ಬದಿಯಲ್ಲಿ, ಗೇಣೆತ್ತರದ ಪ್ಲಾಸ್ಟಿಕ್ ಮಣೆಗಳ ಮೇಲೆ. ನಮ್ಮಲ್ಲಿ ಅವನ್ನು ಬಚ್ಚಲಲ್ಲಿ ಇಡುತ್ತೇವೆ. ಅಜ್ಜಿಯರು ಮೊಣಕಾಲು ಕಿವಿಗೆ ತಾಗುವಂತೆ ಕುಕ್ಕರಗಾಲಲ್ಲಿ ಕೂತು ಸೊಪ್ಪು ಸೋಸುತ್ತಾರೆ, ಮಾತಾಡುತ್ತಾರೆ, ಆಮೇಲೆ ಏನನ್ನೂ ಹಿಡಿಯದೆ ಎದ್ದು ಹೋಗುತ್ತಾರೆ. ನನ್ನ ಅವ್ವ ಕಮಲಾಪುರದಲ್ಲಿ ಒಲೆಯ ಮುಂದೆ ಹೀಗೆಯೇ ಕೂತು ಏಳುತ್ತಿದ್ದಳು. ನಾವು ಯಾವಾಗ ಮರೆತೆವೋ ಗೊತ್ತಿಲ್ಲ. ಅಡುಗೆ ಕಟ್ಟೆ ಬಂತು, ಸೋಫಾ ಬಂತು, ಮೊಣಕಾಲು ನೋವು ಬಂತು.

ಅಂಥ ಒಂದು ಅಂಗಡಿಯಲ್ಲಿ ಸುವರ್ಣಾ ಅಂಗಡಿಯವಳಿಗೆ ನಾವು ಮಾಂಸ ತಿನ್ನುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದಾಗ ಇವರು ಯಾರನ್ನೂ ಕೇಳದೆ ಮಣೆಯ ಮೇಲೆ ಕೂತರು. ಕೂತದ್ದಲ್ಲ, ಬಿದ್ದರು. ಊಟವಾದ ಮೇಲೆ ಏಳಲು ಬರಲಿಲ್ಲ. ಅಭ್ಯಾಸಬಲದಿಂದ ಬಲಗೈ ಚಾಚಿದರು, ಅಭ್ಯಾಸಬಲದಿಂದ ನಾನೂ ಎಳೆದೆ. ಸೊಂಟದಲ್ಲಿ ಛಳಕ್ ಎಂದಿತು. ನಾನೂ ಅಲ್ಲೇ ಪಕ್ಕದ ಮಣೆಯ ಮೇಲೆ ಕುಸಿದೆ. ಈಗ ಇಬ್ಬರೂ ಕೂತಿದ್ದೆವು, ಏಳಲು ಇಬ್ಬರಿಗೂ ಆಗುತ್ತಿರಲಿಲ್ಲ. ಎಲುಬಿನ ಡಾಕ್ಟರು ಹೇಳಿದ್ದು ಇದೇ ಚಿತ್ರವನ್ನು. ಸುತ್ತಲಿನವರು ನೂಡಲ್ಸ್ ತಿನ್ನುವುದು ಬಿಟ್ಟು ನೋಡುತ್ತಿದ್ದರು. ನನಗೆ ನಾಚಿಕೆಗಿಂತ ಹೆದರಿಕೆಯಾಯಿತು. ಸುವರ್ಣಾ ಇಲ್ಲದಿದ್ದರೆ ನಾವು ಆ ಪರಊರಿನ ರಸ್ತೆಯಲ್ಲಿ ಹಾಗೆಯೇ ಕೂತಿರುತ್ತಿದ್ದೆವು.

ಅವಳು ಮೊದಲು ನನ್ನನ್ನು, ಆಮೇಲೆ ಇವರನ್ನು ಎಬ್ಬಿಸಿದಳು. ಮರುದಿನದಿಂದ ಅಂಗಡಿಯವಳು ನಮ್ಮನ್ನು ಕಂಡೊಡನೆ ಒಂದರ ಮೇಲೊಂದು ಮಣೆ ಪೇರಿಸಿ ಇವರಿಗೆ ಎತ್ತರದ ಆಸನ ಮಾಡಿಕೊಡುತ್ತಿದ್ದಳು. ಉಳಿದವರೆಲ್ಲ ಕೆಳಗೆ, ಇವರೊಬ್ಬರು ಪಂಚಾಯಿತಿ ಹಿರಿಯರಂತೆ ಮೇಲೆ. ಊಟ ಮಾಡಲು ಮಾತ್ರ ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಗುತ್ತಿತ್ತು.

ಕೆರೆಯ ದಂಡೆ

ಬೆಳಗಿನ ಹೊತ್ತು ಸುವರ್ಣಾ ತರಗತಿಗೆ ಹೋಗುವಾಗ ನಮ್ಮನ್ನು ಊರ ನಡುವಿನ ಕೆರೆಯ ದಂಡೆಗೆ ಬಿಟ್ಟು ಹೋಗುತ್ತಿದ್ದಳು. ಕಲಬುರಗಿಯ ಕೆರೆಯ ದಂಡೆಯಲ್ಲೂ ಜನ ಬೆಳಿಗ್ಗೆ ತಿರುಗುತ್ತಾರೆ. ಬಿಸಿಲು ಏರುವ ಮುಂಚೆ ಒಂದು ಸುತ್ತು ಹಾಕಿ, ಆ ಪುಣ್ಯಕ್ಕೆ ಒಂದು ತಾಟು ಮಂಡಕ್ಕಿ ಒಗ್ಗರಣೆಯ ಸುಸಲಾ, ಮೇಲೆ ಮಿರ್ಚಿ ಭಜಿ ತಿಂದು ಮನೆಗೆ ಬರುತ್ತಾರೆ. ಲಕ್ವ ಹೊಡೆಯುವ ಮುಂಚೆ ಇವರೂ ಹೀಗೆ ವಾಕಿಂಗ್ ಮಾಡುತ್ತಿದ್ದರು. ವಾಕಿಂಗ್ ತಪ್ಪಿದರೂ ಮಿರ್ಚಿ ತಪ್ಪುತ್ತಿರಲಿಲ್ಲ.

ಇಲ್ಲಿ ಇಡೀ ಊರೇ ಕೆರೆಯ ಸುತ್ತ ಕೈಕಾಲು ಆಡಿಸುತ್ತಿತ್ತು. ಒಂದು ಕಡೆ ಸ್ಪೀಕರ್ ಹಚ್ಚಿ ಹೆಂಗಸರು ಬೀಸಣಿಗೆ ಹಿಡಿದು ಕುಣಿಯುತ್ತಿದ್ದರು. ಒಬ್ಬ ಮುದುಕರು ಮರಕ್ಕೆ ಬೆನ್ನು ಬಡಿದುಕೊಳ್ಳುತ್ತಿದ್ದರು. ಮೊದಲು ಮನೆಯಲ್ಲೇನೋ ಜಗಳವಾಗಿರಬೇಕು ಅಂದುಕೊಂಡೆ. ಇನ್ನೊಬ್ಬರು ಹಿಂದಹಿಂದಕ್ಕೆ ನಡೆಯುತ್ತಿದ್ದರು. ಕೋಲು ಹಿಡಿದವರು, ಬೆನ್ನು ಬಾಗಿದವರು, ಇವರಂತೆ ಒಂದು ಪಕ್ಕ ಸೋತವರು, ಎಲ್ಲರೂ ಇದ್ದರು. ಕುಣಿಯಲು ಬಾರದವರು ಕೈಯನ್ನಷ್ಟೇ ಬೀಸುತ್ತಿದ್ದರು. ಯಾರೂ ಯಾರಿಗೂ ಕೂರು ಎನ್ನುತ್ತಿರಲಿಲ್ಲ, ಏಳು ಎಂದೂ ಎನ್ನುತ್ತಿರಲಿಲ್ಲ. ಇವರು ಕಲ್ಲುಬೆಂಚಿನ ಮೇಲೆ ಕೂತು, ‘ಈ ಮಂದಿಗಿ ಬ್ಯಾರೆ ಕೆಲಸ ಇಲ್ಲೇನ?’ ಎಂದರು.

ಅಲ್ಲಿ ಒಂದು ಪದ್ಧತಿ ಕಂಡೆ. ಕುಣಿತ ಮುಗಿದ ಮೇಲೆ ಹೆಂಗಸರೆಲ್ಲ ಒಬ್ಬರ ಹಿಂದೆ ಒಬ್ಬರು ಸುತ್ತಾಗಿ ನಿಲ್ಲುತ್ತಾರೆ. ಪ್ರತಿಯೊಬ್ಬಳೂ ತನ್ನ ಮುಂದಿನವಳ ಹೆಗಲು ತಿಕ್ಕುತ್ತಾಳೆ, ಬೆನ್ನು ಗುದ್ದುತ್ತಾಳೆ. ಸುತ್ತಾದ್ದರಿಂದ ತಿಕ್ಕದವರಿಲ್ಲ, ತಿಕ್ಕಿಸಿಕೊಳ್ಳದವರಿಲ್ಲ. ನೋಡುತ್ತ ನಿಂತಿದ್ದ ನನ್ನನ್ನು ಕೆಂಪು ಟೋಪಿಯ ಅಜ್ಜಿಯೊಬ್ಬಳು ಸೆರಗು ಹಿಡಿದು ಎಳೆದು ಸುತ್ತಿನೊಳಗೆ ನಿಲ್ಲಿಸಿಕೊಂಡಳು. ನಾನು ಮುಂದಿನವಳ ಹೆಗಲ ಮೇಲೆ ಅನುಮಾನಿಸುತ್ತ ಕೈ ಇಟ್ಟೆ. ಹಿಂದಿನಿಂದ ಅಜ್ಜಿಯ ಗಟ್ಟಿ ಬೆರಳುಗಳು ನನ್ನ ಹೆಗಲಿಗೆ ಇಳಿದವು.

ಲಕ್ವ ಹೊಡೆದ ದಿನದಿಂದ ನಾನು ಇವರ ಕೈ ತಿಕ್ಕಿದ್ದೇನೆ, ಕಾಲು ತಿಕ್ಕಿದ್ದೇನೆ, ಎಣ್ಣೆ ಹಚ್ಚಿದ್ದೇನೆ. ನನ್ನ ಹೆಗಲನ್ನು ಯಾರೂ ಮುಟ್ಟಿರಲಿಲ್ಲ. ನನಗೆ ಬೇಕು ಎಂದು ನನಗೇ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಆ ಹೆಂಗಸು ಗುದ್ದುತ್ತಿದ್ದಂತೆ ನನಗೆ ಅಳು ಬಂತು. ಸಣ್ಣ ಅಳು ಅಲ್ಲ, ಬಿಕ್ಕುವ ಅಳು. ಮುಂದಿನವಳ ಹೆಗಲು ತಿಕ್ಕುತ್ತಲೇ ಅತ್ತೆ, ಕೈ ಬಿಟ್ಟರೆ ಸುತ್ತು ಕಡಿಯುತ್ತದಲ್ಲ. ಅಜ್ಜಿ ಏನೂ ಕೇಳಲಿಲ್ಲ. ಇನ್ನಷ್ಟು ಜೋರಾಗಿ ಗುದ್ದಿದಳು.

ಬೆಂಚಿನಿಂದ ಇವರು ನೋಡುತ್ತಿದ್ದರು. ಹತ್ತಿರ ಹೋದಾಗ, ‘ಯಾಕ, ಬಾಳ ನೋವಾತೇನ?’ ಎಂದು ಕೇಳಿದರು.

‘ಇಲ್ಲ. ಆರಾಮಾತು’ ಎಂದೆ.

ಅಂದು ಏಳುವಾಗ ಇವರು ಕೈ ಚಾಚಲಿಲ್ಲ. ಬೆಂಚಿನ ತುದಿಗೆ ಜರುಗಿ, ಅದರ ತೋಳು ಹಿಡಿದು, ಎರಡು ಸಲ ಕುಸಿದು ಮೂರನೆಯ ಸಲ ತಾವೇ ನಿಂತರು. ನಾನು ಅದನ್ನು ಕಂಡೂ ಕಾಣದವಳಂತೆ ಸೆರಗು ಸರಿಮಾಡಿಕೊಂಡೆ.

ರಸ್ತೆ

ಒಂದು ದಿನ ಸುವರ್ಣಾಗೆ ಕೆರೆಗೆ ಬಂದು ಕರೆದೊಯ್ಯಲು ಆಗಲಿಲ್ಲ. ಮನೆ ಹತ್ತಿರವೇ, ಆದರೆ ನಡುವೆ ದೊಡ್ಡ ರಸ್ತೆ. ಹನೋಯಿಯ ರಸ್ತೆಯಲ್ಲಿ ಸ್ಕೂಟರುಗಳ ಹರಿವು ನಿಲ್ಲುವುದೇ ಇಲ್ಲ. ಒಂದೊಂದರ ಮೇಲೆ ಇಡೀ ಸಂಸಾರ, ಇಲ್ಲವೇ ಒಂದು ಕಪಾಟು, ಇಲ್ಲವೇ ಕುಂಡದ ಸಮೇತ ಒಂದು ಮರ. ಸುವರ್ಣಾ ಮೊದಲ ದಿನವೇ ಹೇಳಿಕೊಟ್ಟಿದ್ದಳು: ‘ಅತ್ತಿ, ಇಲ್ಲಿ ರೋಡ್ ದಾಟುವಾಗ ಓಡಬ್ಯಾಡ, ನಡುವ ನಿಂದರಬ್ಯಾಡ, ಹಿಂದ ಸರೀಬ್ಯಾಡ. ಒಂದೇ ಸವನ ನಡಿ. ಗಾಡ್ಯಾವರು ನಿನ್ನ ನೋಡಿ ತಾವೇ ಬಳಸಿ ಹೋಗ್ತಾರ.’

ಕಲಬುರಗಿಯ ಪೇಟೆಬೀದಿಯಾದ ಸೂಪರ್ ಮಾರ್ಕೆಟ್‌ನಲ್ಲಿ ನಾನು ರಸ್ತೆ ದಾಟುವ ರೀತಿ ಇದರ ಉಲ್ಟಾ. ಕೈ ಎತ್ತುವುದು, ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಆಟೋದವನನ್ನು ಬೈಯುವುದು, ಮತ್ತೆ ಓಡುವುದು. ರಕ್ತಕ್ಕೆ ಇಳಿದ ಅಭ್ಯಾಸ. ಇವರ ಕೈ ಹಿಡಿದು ರಸ್ತೆಗೆ ಇಳಿದೆ. ಸ್ವಲ್ಪ ದೂರ ಸರಿಯಾಗಿಯೇ ಹೋದೆವು. ಅಷ್ಟರಲ್ಲಿ ಕಪಾಟು ಹೊತ್ತ ಸ್ಕೂಟರೊಂದು ನೇರ ನನ್ನ ಮೇಲೇ ಬಂದಂತಾಯಿತು. ನಾನು ಗಕ್ಕನೆ ನಿಂತೆ, ಹಿಂದಕ್ಕೆ ಸರಿದೆ, ಆಮೇಲೆ ಓಡಿ ಹಿಂದಿನ ದಂಡೆಗೇ ಬಂದು ನಿಂತೆ. ಕೈಯಲ್ಲಿ ಇವರ ಕೈ ಇರಲಿಲ್ಲ.

ಇವರು ರಸ್ತೆಯ ನಡುವೆ ಇದ್ದರು. ನಡೆಯುತ್ತಲೇ ಇದ್ದರು. ಬಲಗಾಲು ಇಟ್ಟು, ಎಡಗಾಲನ್ನು ಅರ್ಧ ಸುತ್ತು ಬೀಸಿ ಎಳೆದುಕೊಂಡು, ಮತ್ತೆ ಬಲಗಾಲು. ‘ರೀ! ನಿಂದರ್ರಿ!’ ಎಂದು ನಾನು ಚೀರಿದೆ. ತಿರುಗಿ ನೋಡಲಿಲ್ಲ. ಸ್ಕೂಟರುಗಳು ಇವರ ಹಿಂದಿನಿಂದ ಕೆಲವು, ಮುಂದಿನಿಂದ ಕೆಲವು ಬಳಸಿ ಹೋದವು. ಯಾರೂ ಹಾರ್ನ್ ಹೊಡೆಯಲಿಲ್ಲ. ಇವರು ಬಿದ್ದರೆ ಏನು ಮಾಡಲಿ, ಯಾವ ಭಾಷೆಯಲ್ಲಿ ಯಾರನ್ನು ಕರೆಯಲಿ, ಸುವರ್ಣಾಗೆ ಏನು ಹೇಳಲಿ ಎಂಬುದಷ್ಟೇ ತಲೆಯಲ್ಲಿತ್ತು.

ಆ ಕಡೆಯ ದಂಡೆಗೆ ಬಲಗಾಲು ಇಟ್ಟರು. ಎಡಗಾಲನ್ನೂ ಎತ್ತಿಟ್ಟರು. ಆಮೇಲೆ ತಿರುಗಿ ನಿಂತರು. ಹಿಡಿಯಲು ಅಲ್ಲಿ ಗೋಡೆ ಇಲ್ಲ, ಕಂಬ ಇಲ್ಲ, ನಾನಿಲ್ಲ.

‘ಬಾ!’ ಎಂದು ಕೂಗಿದರು. ‘ಒಂದೇ ಸವನ ಬಾ!’

‘ನಾ ಒಬ್ಬಾಕಿ ಹ್ಯಾಂಗ ಬರ್ಲಿ!’

ಇವರು ಬಲಗೈ ಮೇಲೆತ್ತಿದರು. ನಾನು ಮದುವೆಯಾದ ಹೊಸತರಲ್ಲಿ ಕಮಲಾಪುರದ ಬಸ್‌ ನಿಲ್ದಾಣದಲ್ಲಿ ಕೇಳಿದ್ದ, ಇಡೀ ಬಸ್ಸಿಗೆ ಕೇಳಿಸುತ್ತಿದ್ದ ದನಿಯಲ್ಲಿ, ‘ರೈಟ್!’ ಎಂದರು. ನಾನು ಅರ್ಧ ಕಣ್ಣು ಮುಚ್ಚಿಕೊಂಡು ಇಳಿದೆ, ಇವರ ಕೈಯನ್ನೇ ನೋಡುತ್ತ ನಡೆದೆ. ಆಚೆ ಮುಟ್ಟಿದವಳೇ ಇವರ ಬಲಗೈ ಹಿಡಿದುಕೊಂಡೆ.

‘ಯಾಕ ನಿಂದರಲಿಲ್ಲ? ಅಷ್ಟ ಚೀರಿದೆ ನಾನು!’ ಎಂದು ಬೈದೆ.

‘ನಿಂತ್ರ ಬೀಳ್ತಿದ್ದೆ’ ಎಂದರು. ‘ಅದಕ್ಕ ನಡದೆ.’

ಅಂದಿನಿಂದ ಎಲ್ಲ ಸುಗಮವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರುದಿನ ಜಿಟಿಜಿಟಿ ಮಳೆ. ಇವರಿಗೆ ಮೈಯೆಲ್ಲ ನೋವು, ಮಂಚ ಬಿಟ್ಟು ಏಳಲಿಲ್ಲ, ಕೆರೆಯೂ ಬೇಡ ಕಸರತ್ತೂ ಬೇಡ ಎಂದು ಗೋಡೆಗೆ ಮುಖ ಮಾಡಿದರು. ನಾನೂ ಕರೆಯಲಿಲ್ಲ, ನನಗೂ ಬೇಸರವಾಗಿತ್ತು. ಆಮೇಲೆ ಕೆಲವು ದಿನ ಹೋದರು, ಕೆಲವು ದಿನ ಹೋಗಲಿಲ್ಲ. ಹೋದ ದಿನ ಕೈ ಬೀಸುವ ಮುದುಕರ ಸಾಲಿನ ಕೊನೆಯಲ್ಲಿ ನಿಂತು ಬಲಗೈ ಬೀಸುತ್ತಿದ್ದರು, ಎಡಗೈಯನ್ನು ಬಲಗೈಯಿಂದ ಎತ್ತಿ ಬಿಡುತ್ತಿದ್ದರು. ನಾನು ಸುತ್ತಿನಲ್ಲಿ ನಿಂತು ಗುದ್ದಿಸಿಕೊಳ್ಳುತ್ತಿದ್ದೆ. ಹೊರಡುವ ದಿನ ಕೆಂಪು ಟೋಪಿಯ ಅಜ್ಜಿಯನ್ನು ಹುಡುಕಿದೆ, ಅವಳು ಬಂದಿರಲಿಲ್ಲ.

ಕಮಲಾಪುರ

ಹೈದರಾಬಾದಿನಿಂದ ಬಸ್ಸಿನಲ್ಲಿ ಬಂದೆವು. ಹುಮನಾಬಾದ್ ದಾಟಿದ ಮೇಲೆ ಕಮಲಾಪುರ ಹಾದಿಯಲ್ಲೇ ಸಿಗುತ್ತದೆ, ಮಗಳ ಸುದ್ದಿ ಕೇಳಲು ತಮ್ಮ ಶರಣು ಕಾಯುತ್ತಿದ್ದ. ಬಸ್ಸಿನ ಕಂಡಕ್ಟರ್ ಇವರ ಕೈಕೆಳಗೆ ಕೆಲಸ ಕಲಿತವನು. ‘ತಡೀರಿ ಕಾಕಾ, ಎತ್ತಿ ಇಳಸ್ತೀನಿ’ ಎಂದು ಬಂದ.

‘ಸರಿ ಆ ಕಡಿ’ ಎಂದರು ಇವರು. ಸರಳು ಹಿಡಿದು, ಹಿಂದಹಿಂದಕ್ಕೆ, ಹನೋಯಿಯ ಮೆಟ್ಟಿಲು ಇಳಿದಂತೆ ಇಳಿದರು. ನೆಲ ಮುಟ್ಟಿ ಬಸ್ಸಿನ ಮೈಗೆ ಎರಡು ಸಲ ಬಡಿದು, ‘ರೈಟ್’ ಎಂದರು. ಆ ಹುಡುಗ ನಗುತ್ತ ಬಸ್ಸು ಬಿಡಿಸಿದ.

ಶರಣು ಅಂಗಳದಲ್ಲಿ ಹೊರಸು ಹಾಕಿ ಮೇಲೆ ಗಾದಿ ಹಾಸಿ ಇಟ್ಟಿದ್ದ. ‘ಬರ್ರಿ ಮಾಮಾ, ಕುಂದರ್ರಿ. ಎಷ್ಟ ಸೊರಗೀರಿ! ಅಕ್ಕಾ, ಇಷ್ಟು ತಕಲೀಫ್ ಯಾಕ ಕೊಟ್ಟಿ ಇವರಿಗಿ?’ ಎಂದ. ಓಣಿಯವರು ಕೂಡಿದರು. ಇವರು ರಸ್ತೆ ದಾಟಿದ್ದನ್ನು ಹೇಳಿದೆ. ಎಲ್ಲರೂ ಹೌದೌದು ಎಂದರು, ಒಬ್ಬರೂ ನಂಬಲಿಲ್ಲ. ಇವರು ತೋರಿಸಲು ಎಂಬಂತೆ ಮುಂದೆ ಬಾಗಿದರು. ಕೂಡಲೇ ಎರಡು ಕಡೆಯಿಂದ ಕೈಗಳು ಹೆಗಲ ಮೇಲೆ ಬಂದವು. ‘ಏಳಬ್ಯಾಡ್ರಿ, ಏಳಬ್ಯಾಡ್ರಿ.’ ಕೆಂಪು ಬಾಳೆಹಣ್ಣು ಸುಲಿದು ಕೈಗೆ ಕೊಟ್ಟರು. ಇವರು ಹಿಂದಕ್ಕೆ ಒರಗಿ ತಿಂದರು. ನಿಜ ಹೇಳಬೇಕೆಂದರೆ ಇವರಿಗೆ ಅದು ಹಿತವಾಗಿಯೇ ಇತ್ತು. ನಾನು ನೋಡುತ್ತ ಕೂತೆ, ದಣಿವಿನ ಮೇಲೆ ಇನ್ನೊಂದು ದಣಿವು ಬಂದಂತಾಯಿತು.

ಮತ್ತೆ ಬ್ರಹ್ಮಪುರ

ಬೆತ್ತದ ಕುರ್ಚಿ ಇದ್ದಲ್ಲೇ ಇತ್ತು. ಇವರು ಕೂತರು. ಮೊದಲ ದಿನ ಪ್ರಯಾಣದ ಸುಸ್ತು, ಮರುದಿನ ಗುರಮ್ಮ ಮತ್ತು ಅವಳ ಮನೆಯವರು, ಆಮೇಲೆ ಬಿಸಿಲು. ಕಲಬುರಗಿಯ ಬೇಸಿಗೆಯಲ್ಲಿ ನಡೆಯಿರಿ ಎಂದು ಯಾರಿಗಾದರೂ ಯಾವ ಬಾಯಿಂದ ಹೇಳುವುದು? ‘ಗಿರಿಜಾ, ನೀರು.’ ‘ಗಿರಿಜಾ, ಚಷ್ಮಾ.’ ಎಲ್ಲ ಮೊದಲಿನಂತೆ ನಡೆಯಿತು. ಕೈ ಚಾಚಿದರೆ ಎಳೆದೆ, ಡಾಕ್ಟರ ಮಾತು ನೆನಪಿದ್ದೂ ಎಳೆದೆ. ಅಷ್ಟು ದೂರ ಹೋಗಿ ಬಂದದ್ದು ಬರಿಯ ಒಂದು ಕನಸು ಎಂದುಕೊಂಡೆ.

ಒಂದು ಮಧ್ಯಾಹ್ನ ಕಾಯಿಪಲ್ಯದ ಚೀಲ ಹೊತ್ತು ಬಿಸಿಲಲ್ಲಿ ಬಂದವಳು ಪಡಸಾಲೆಯ ಕಂಬಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

‘ಗಿರಿಜಾ, ನೀರು’ ಎಂದರು ಇವರು.

ಕೇಳಿಸಿತು. ಏಳಬೇಕೆಂದುಕೊಂಡೆ. ಮೈ ಏಳಲಿಲ್ಲ. ಸಿಟ್ಟಿನಿಂದ ಕೂತದ್ದಲ್ಲ, ಇವರಿಗೆ ಬುದ್ಧಿ ಕಲಿಸಲೆಂದೂ ಅಲ್ಲ. ಸೊಂಟ ಕೆಳಗೆ ಹಿಡಿದುಕೊಂಡಿತ್ತು, ಅಷ್ಟೇ. ಹೇಳಲು ಬಾಯಿಯೂ ಏಳಲಿಲ್ಲ. ಮತ್ತೊಮ್ಮೆ ಕರೆದರು. ನಾನು ಕಣ್ಣು ಮುಚ್ಚಿಕೊಂಡೆ.

ಬೆತ್ತ ಕಿರುಗುಟ್ಟಿತು. ಮತ್ತೆ ಕಿರುಗುಟ್ಟಿತು. ಒಂದು ಉಸಿರು, ಆಮೇಲೆ ಬಲಗಾಲ ಸಪ್ಪಳ,  ಎಡಗಾಲು ಎಳೆಯುವ ಸರ್ ಎಂಬ ಸದ್ದು. ಅದು ಬಾಗಿಲ ಕಡೆಗಲ್ಲ, ಅಡುಗೆಮನೆಯ ಕಡೆಗೆ ಹೋಯಿತು. ಗಡಿಗೆಯ ಮುಚ್ಚಳ ಕೆಳಗೆ ಬಿದ್ದು ಸುತ್ತು ತಿರುಗಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನಾನು ಕಣ್ಣು ತೆರೆಯಲು ಹೆದರಿದೆ. ಆ ಸದ್ದು ತಿರುಗಿ ಬಂತು, ನನ್ನ ಮುಂದೆ ನಿಂತಿತು.

‘ಹಿಡಿ’ ಎಂದರು. ಸ್ಟೀಲಿನ ಗ್ಲಾಸಿನಲ್ಲಿ ಅರ್ಧ ನೀರಿತ್ತು. ಉಳಿದರ್ಧ ಅಡುಗೆಮನೆಯಿಂದ ನನ್ನವರೆಗೆ ನೆಲದ ಮೇಲೆ ಇತ್ತು.

‘ನಿಮಗ?’

‘ನಾ ಅಲ್ಲೇ ಕುಡದು ಬಂದೆ.’

‘ನೆಲ ನೋಡ್ರಿ ಹ್ಯಾಂಗಾಗ್ಯದ! ಜಾರಿ ಬಿದ್ದಿದ್ರ? ತಡೀರಿ, ಒರಸ್ತೀನಿ’ ಎಂದು ಕಂಬ ಹಿಡಿದು ಏಳಲು ಹೋದೆ.

ಇವರ ಬಲಗೈ ನನ್ನ ಹೆಗಲ ಮೇಲೆ ಬಿತ್ತು, ಒತ್ತಿ ಮತ್ತೆ ಕೂಡಿಸಿತು.

‘ಏಳಬ್ಯಾಡ’ ಎಂದರು. ‘ಕುಂದರು.’

ನಾನು ಕೂತೇ ಕುಡಿದೆ.